ಟ್ಯೂಬಾ ವಾದಕರ ಗುರು-ಶಿಷ್ಯ ಪರಂಪರೆ: ಕಲಬುರಗಿಯಿಂದ ಹುಡುಕಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಸೋದರಮಾವ ಕಲಬುರಗಿಯ ಮದುವೆ ಬ್ಯಾಂಡೊಂದರಲ್ಲಿ ಬೇಸ್, ಅಂದರೆ ಟ್ಯೂಬಾ ಬಗೆಯ ದೊಡ್ಡ ಹಿತ್ತಾಳೆ ವಾದ್ಯ, ನುಡಿಸುತ್ತಿದ್ದರು. ಅವರಿಗೆ ಕಲಿಸಿದವರು ಯಾರು ಎಂದು ನಾನು ಮೊದಲ ಸಲ ಕೇಳಿದ್ದು ಅವರು ತೀರಿಕೊಂಡ ಮೂರನೆಯ ದಿನ, ಅವರ ಜೊತೆಗಾರರನ್ನು. ಒಬ್ಬರು ಒಂದು ಹೆಸರು ಹೇಳಿದರು, ಪಕ್ಕದಲ್ಲಿ ಕುಳಿತವರು ತಲೆ ಅಲ್ಲಾಡಿಸಿ ಬೇರೆ ಹೆಸರು ಹೇಳಿದರು. ಮಾವ ಇದ್ದಾಗ ಒಂದು ಮಾತು ಕೇಳಿದ್ದರೆ ತಿಳಿಯುತ್ತಿತ್ತು. ಆ ಕೊರಗಿನಿಂದಲೇ ಒಂದು ದಪ್ಪ ಲೆಕ್ಕದ ಪುಸ್ತಕ ಕೊಂಡೆ. ಒಂದು ತುದಿಯಿಂದ ಕಲಬುರಗಿ, ಬೀದರ್, ಯಾದಗಿರಿಯ ಬ್ಯಾಂಡಿನವರನ್ನು, ಇನ್ನೊಂದು ತುದಿಯಿಂದ ಯುರೋಪ್ ಮತ್ತು ಅಮೆರಿಕದ ಹೆಸರಾಂತ ವಾದಕರನ್ನು ಬರೆಯುತ್ತ ಬಂದಿದ್ದೇನೆ. ಈ ಕೆಲಸಕ್ಕೆ ಇಳಿಯುವ ಹುಡುಗರು, ಬ್ಯಾಂಡಿನ ಮನೆಯ ಮಕ್ಕಳು, ಸಂಗೀತದ ವಿದ್ಯಾರ್ಥಿಗಳು ನನ್ನನ್ನು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಟ್ಯೂಬಾ ಎಂದರೆ ಯಾವ ವಾದ್ಯ? ನಮ್ಮೂರಿನಲ್ಲಿ ಅದು ಇದೆಯೇ?

ನೀವು ಅದರ ಮನೆಯವರನ್ನು ನೋಡಿರುತ್ತೀರಿ. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಕಡೆಯಿಂದ ಮದುವೆಯ ಮೆರವಣಿಗೆ ಬರುವಾಗ ಮುಂದೆ ಟ್ರಂಪೆಟ್, ಕ್ಲಾರಿನೆಟ್, ನಡುವೆ ಡ್ರಮ್ಮುಗಳು, ಕೊನೆಯ ಸಾಲಿನಲ್ಲಿ ಒಬ್ಬರ ಮೈಗೆ ಸುತ್ತು ಹಾಕಿಕೊಂಡ ದಪ್ಪ ಕೊಳವೆ, ಅವರ ತಲೆಯ ಮೇಲೆ ಬುಟ್ಟಿಯಷ್ಟು ಅಗಲದ ಬಾಯಿ. ಅದು ಸೂಸಾಫೋನ್. ನಡೆಯುತ್ತ ನುಡಿಸಲು ಅನುಕೂಲವಾಗಲೆಂದು ಅಮೆರಿಕದ ಬ್ಯಾಂಡ್ ನಾಯಕ ಜಾನ್ ಫಿಲಿಪ್ ಸೂಸಾ ಅವರ ಕೋರಿಕೆಯ ಮೇರೆಗೆ 1890ರ ದಶಕದಲ್ಲಿ ರೂಪುಗೊಂಡ ಟ್ಯೂಬಾದ ಬಗೆ. ನಮ್ಮ ಮಾವನ ಬ್ಯಾಂಡಿನಲ್ಲಿ ಅದನ್ನು ಬರೀ ‘ಬೇಸ್’ ಎನ್ನುತ್ತಿದ್ದರು.

ಮಡಿಲಲ್ಲಿ ಇಟ್ಟುಕೊಂಡು ನುಡಿಸುವ ಮೂಲ ಟ್ಯೂಬಾಕ್ಕೆ ಬರ್ಲಿನ್ನಿನಲ್ಲಿ ವಿಲ್ಹೆಲ್ಮ್ ವೀಪ್ರೆಖ್ಟ್ ಮತ್ತು ಯೋಹಾನ್ ಗಾಟ್‌ಫ್ರೀಡ್ ಮೋರಿಟ್ಸ್ 1835ರ ಸೆಪ್ಟೆಂಬರ್ 12ರಂದು ಪೇಟೆಂಟ್ ಪಡೆದರು. ವೀಪ್ರೆಖ್ಟ್ ಸೈನ್ಯದ ಬ್ಯಾಂಡುಗಳ ಮುಖ್ಯಸ್ಥ, ಮೋರಿಟ್ಸ್ ವಾದ್ಯ ತಯಾರಕ. ದೊಡ್ಡ ಟ್ಯೂಬಾದ ಕೊಳವೆಯನ್ನು ಬಿಚ್ಚಿ ನೇರ ಮಾಡಿದರೆ ಸುಮಾರು 18 ಅಡಿ ಉದ್ದ ಬರುತ್ತದೆ. ಅಷ್ಟುದ್ದದ ಗಾಳಿಯ ಕಂಬವನ್ನು ಒಬ್ಬ ಮನುಷ್ಯನ ತುಟಿ ಅಲುಗಿಸಬೇಕು.

ಹಾಡುಗಾರರ ಘರಾಣೆ ಹುಡುಕುವುದು ಸರಿ. ಟ್ಯೂಬಾಕ್ಕೆ ಏಕೆ ಪರಂಪರೆ?

ಟ್ಯೂಬಾಕ್ಕೇ ಹೆಚ್ಚು ಬೇಕು ಎಂಬುದು ನನ್ನ ಅಭಿಪ್ರಾಯ. ಎರಡು ಕಾರಣ.

ಒಂದು, ವಾದ್ಯಕ್ಕೆ ಇನ್ನೂ 200 ವರ್ಷ ತುಂಬಿಲ್ಲ. ಕಥೆ, ಪುರಾಣಗಳಲ್ಲಿ ಕರಗಿಹೋಗುವಷ್ಟು ಹಳೆಯದಲ್ಲ. ಕೈಬೆರಳಿನಲ್ಲಿ ಎಣಿಸುವಷ್ಟು ತಲೆಮಾರುಗಳು ಅಷ್ಟೇ. ಮನಸ್ಸು ಮಾಡಿದರೆ ಎಳೆ ಸಿಗುತ್ತದೆ.

ಎರಡು, ಪಾಶ್ಚಾತ್ಯ ವಾದ್ಯವೃಂದದಲ್ಲಿ ಪಿಟೀಲು ನುಡಿಸುವವರು ಹತ್ತಾರು ಮಂದಿ ಇರುತ್ತಾರೆ, ಟ್ಯೂಬಾ ನುಡಿಸುವವರು ಸಾಮಾನ್ಯವಾಗಿ ಒಬ್ಬರೇ. ಒಂದು ನಗರಕ್ಕೆ ಒಂದೇ ಕುರ್ಚಿ. ಆ ಕುರ್ಚಿಯಲ್ಲಿ ಕುಳಿತವರೇ ಆ ನಗರದ ಮೇಷ್ಟರು. ಹಾಗಾಗಿ ಒಬ್ಬ ಗುರುವಿನ ಕೈಕೆಳಗೆ ಒಂದು ದೇಶದ ಅರ್ಧ ವಾದಕರು ಹಾದುಹೋಗುವುದು ಈ ವಾದ್ಯದಲ್ಲಿ ಸಹಜ. ನಮ್ಮ ಬ್ಯಾಂಡುಗಳಲ್ಲೂ ಇದೇ ಸ್ಥಿತಿ. ಟ್ರಂಪೆಟ್ ನಾಲ್ವರು ಇದ್ದರೆ ಬೇಸ್ ಒಬ್ಬರು. ಆ ಒಬ್ಬರು ಹೋದರೆ ಕಲಿಸುವವರೇ ಇರುವುದಿಲ್ಲ.

ಜಗತ್ತಿನಲ್ಲಿ ಚೆನ್ನಾಗಿ ಗೊತ್ತಿರುವ ಪರಂಪರೆಗಳು ಯಾವುವು?

ಅಮೆರಿಕದ ಎರಡು ಎಳೆಗಳನ್ನು ತಿಳಿದುಕೊಂಡರೆ ಉಳಿದದ್ದನ್ನು ಅಳೆಯಲು ಒಂದು ಅಳತೆಗೋಲು ಸಿಗುತ್ತದೆ.

ಮೊದಲನೆಯದು ವಿಲಿಯಂ ಬೆಲ್ ಅವರದು. 1902ರ ಕ್ರಿಸ್ಮಸ್ ದಿನ ಅಯೋವಾದಲ್ಲಿ ಹುಟ್ಟಿದವರು. ಹರೆಯದಲ್ಲೇ ಸೂಸಾ ಬ್ಯಾಂಡ್ ಸೇರಿದರು. 1937ರಲ್ಲಿ ಹೆಸರಾಂತ ವಾದ್ಯವೃಂದ ನಿರ್ದೇಶಕ ಟೊಸ್ಕನೀನಿಯವರ ಎನ್‌ಬಿಸಿ ಸಿಂಫನಿ. 1943ರಿಂದ ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್. 1961ರಿಂದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಪಾಠ. 1971ರಲ್ಲಿ ತೀರಿಕೊಂಡರು. ಅವರ ಶಿಷ್ಯ ಹಾರ್ವಿ ಫಿಲಿಪ್ಸ್ 1929ರಲ್ಲಿ ಮಿಸೌರಿಯ ಅರೋರಾ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವರು. ಸರ್ಕಸ್ ಬ್ಯಾಂಡಿನಲ್ಲಿ ನುಡಿಸುತ್ತಿದ್ದ ಹುಡುಗ. ಬೆಲ್ ಬಳಿ ಕಲಿಯಲು ಸರ್ಕಸ್ ಬಿಟ್ಟು ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಗೆ ಬಂದರು. ಗುರು ತೀರಿಕೊಂಡ ಮೇಲೆ ಇಂಡಿಯಾನಾದಲ್ಲಿ ಗುರುವಿನ ಜಾಗದಲ್ಲೇ ಕುಳಿತು 1994ರವರೆಗೆ ಕಲಿಸಿದರು. 1973ರಲ್ಲಿ ಅಲ್ಲಿಯೇ ಮೊದಲ ಅಂತರರಾಷ್ಟ್ರೀಯ ಟ್ಯೂಬಾ ಸಮ್ಮೇಳನ ನಡೆಯಿತು. ಮರುವರ್ಷ, 1974ರಲ್ಲಿ, ಕ್ರಿಸ್ಮಸ್ ದಿನ ಹುಟ್ಟಿದ ಗುರುವಿನ ನೆನಪಿಗೆ ಫಿಲಿಪ್ಸ್ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸೆಂಟರಿನ ಅಂಗಳದಲ್ಲಿ ನೂರಾರು ಟ್ಯೂಬಾ ವಾದಕರನ್ನು ಸೇರಿಸಿ ಕ್ರಿಸ್ಮಸ್ ಹಾಡುಗಳನ್ನು ನುಡಿಸಿದರು. ಟ್ಯೂಬಾ ಕ್ರಿಸ್ಮಸ್ ಎಂಬ ಆ ಪದ್ಧತಿ ಊರೂರಿಗೆ ಹಬ್ಬಿತು. ಗದಗದಲ್ಲಿ ಗವಾಯಿಗಳ ಪುಣ್ಯತಿಥಿಗೆ ಶಿಷ್ಯರು ಸೇರಿ ಅಹೋರಾತ್ರಿ ಹಾಡುವುದನ್ನು ಕಂಡವರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯವಲ್ಲ.

ಎರಡನೆಯದು ಆರ್ನಾಲ್ಡ್ ಜೇಕಬ್ಸ್ ಅವರದು. 1915ರಲ್ಲಿ ಹುಟ್ಟಿ 1998ರಲ್ಲಿ ತೀರಿಕೊಂಡರು. ಹದಿಹರೆಯದಲ್ಲೇ ಫಿಲಡೆಲ್ಫಿಯಾದ ಕರ್ಟಿಸ್ ಸಂಸ್ಥೆಯಲ್ಲಿ ಫಿಲಿಪ್ ಡೊನಾಟೆಲ್ಲಿ ಅವರ ಬಳಿ ಕಲಿತರು. 1944ರಿಂದ 1988ರವರೆಗೆ ಶಿಕಾಗೊ ಸಿಂಫನಿಯಲ್ಲಿ ನುಡಿಸಿದರು. ಅವರ ಶ್ವಾಸಕೋಶ ಅಷ್ಟು ಗಟ್ಟಿಯಾಗಿರಲಿಲ್ಲ, ವಯಸ್ಸಾದಂತೆ ಹಿಡಿಯಬಲ್ಲ ಗಾಳಿ ಇನ್ನೂ ಕಡಿಮೆಯಾಯಿತು. ಇದ್ದ ಗಾಳಿಯನ್ನು ಹೇಗೆ ಬಳಸಬೇಕೆಂದು ಶರೀರಶಾಸ್ತ್ರ ಓದಿ, ಉಸಿರು ಅಳೆಯುವ ಉಪಕರಣಗಳನ್ನು ಪಾಠದ ಕೋಣೆಯಲ್ಲಿಟ್ಟು ಕಲಿಸಿದರು. ‘ಹಾಡು ಮತ್ತು ಗಾಳಿ’ ಎಂಬ ಎರಡು ಮಾತಿನಲ್ಲಿ ಅವರ ಪಾಠವನ್ನು ಶಿಷ್ಯರು ನೆನೆಯುತ್ತಾರೆ. ಮೊದಲು ಮನಸ್ಸಿನಲ್ಲಿ ಹಾಡು, ಆಮೇಲೆ ಗಾಳಿ ಬಿಡು, ಸ್ನಾಯುಗಳ ಚಿಂತೆ ಬಿಡು ಎಂದು ಅದರ ತಾತ್ಪರ್ಯ.

ಲಾಸ್ ಏಂಜಲೀಸ್‌ನಲ್ಲಿ ಟಾಮಿ ಜಾನ್ಸನ್ ಮತ್ತು ರೋಜರ್ ಬೋಬೊ ಅವರ ಎಳೆ ಬೇರೆಯೇ ಇದೆ. 1975ರ ಶಾರ್ಕ್ ಮೀನಿನ ಹಾಲಿವುಡ್ ಚಿತ್ರದಲ್ಲಿ ಎದೆ ನಡುಗಿಸುವ ಟ್ಯೂಬಾ ನುಡಿಸಿದವರು ಜಾನ್ಸನ್.

ಯಾರನ್ನು ಶಿಷ್ಯ ಎಂದು ಬರೆಯಬೇಕು?

ಎಲ್ಲಕ್ಕಿಂತ ಹೆಚ್ಚು ಜಗಳ ಇಲ್ಲಿಯೇ. ದೊಡ್ಡ ವಾದಕರೊಬ್ಬರು ಊರಿಗೆ ಬಂದು ಒಂದು ಮಧ್ಯಾಹ್ನ ಹತ್ತು ಜನರಿಗೆ ಪಾಠ ಹೇಳಿದರೆ ಹತ್ತೂ ಜನ ತಮ್ಮ ಪರಿಚಯದಲ್ಲಿ ‘ಇಂಥವರ ಶಿಷ್ಯ’ ಎಂದು ಬರೆದುಕೊಳ್ಳುತ್ತಾರೆ. ಜೇಕಬ್ಸ್ ಅವರ ಹೆಸರಿಗೆ ಹೀಗೆ ಅಂಟಿಕೊಂಡವರು ಬಹಳ. ಸುಳ್ಳು ಎನ್ನಲಾರೆ, ಒಂದು ಮಾತು ಬದುಕನ್ನೇ ತಿರುಗಿಸಬಹುದು. ಆದರೆ ಪಟ್ಟಿಯಲ್ಲಿ ಅದನ್ನು ಹತ್ತು ವರ್ಷ ಕಲಿತವರ ಪಕ್ಕದಲ್ಲಿ ಒಂದೇ ಗೆರೆಯಿಂದ ಬರೆಯುವುದು ಅನ್ಯಾಯ.

ನನ್ನ ಪುಸ್ತಕದಲ್ಲಿ ಒಂದು ನಿಯಮ ಇಟ್ಟುಕೊಂಡಿದ್ದೇನೆ, ಅದು ನಮ್ಮ ಕಡೆಯ ಲೆಕ್ಕ. ತೊಗರಿ ರಾಶಿ ಮುಗಿದ ಮೇಲೆ ಆರಂಭವಾಗುವ ಮದುವೆ ಹಂಗಾಮು ಮುಗಿಯುವವರೆಗೆ ಒಬ್ಬರ ಬಳಿ ಕುಳಿತು, ಅವರಿಂದ ತಪ್ಪು ತಿದ್ದಿಸಿಕೊಂಡಿದ್ದರೆ ಅವರು ಶಿಷ್ಯರು. ‘ತಪ್ಪು ತಿದ್ದಿಸಿಕೊಂಡಿದ್ದರೆ’ ಎಂಬುದು ಮುಖ್ಯ. ಜೊತೆಯಲ್ಲಿ ಇಪ್ಪತ್ತು ವರ್ಷ ನುಡಿಸಿದರೂ ಒಮ್ಮೆಯೂ ತಿದ್ದದವರು ಜೊತೆಗಾರರು, ಗುರುಗಳಲ್ಲ. ಕಾಲೇಜಿನಲ್ಲಿ ಕಲಿತವರಿಗೆ ಹಂಗಾಮಿನ ಬದಲು ಒಂದು ಶೈಕ್ಷಣಿಕ ವರ್ಷ ಎಂದಿಟ್ಟುಕೊಳ್ಳಿ.

ಗುರುವಿನ ಕುರ್ಚಿಗೆ ಬಂದವರು ಗುರುವಿನ ಶಿಷ್ಯರೇ ತಾನೇ?

ಅಲ್ಲ. ಇದನ್ನು ಬೆರೆಸಿ ಕೆಟ್ಟ ಪಟ್ಟಿಗಳನ್ನು ನಾನು ಕಂಡಿದ್ದೇನೆ. ಇಂಡಿಯಾನಾದಲ್ಲಿ ಬೆಲ್ ನಂತರ ಬಂದ ಫಿಲಿಪ್ಸ್ ಶಿಷ್ಯರೂ ಹೌದು, ಉತ್ತರಾಧಿಕಾರಿಯೂ ಹೌದು. ಶಿಕಾಗೊದಲ್ಲಿ ಜೇಕಬ್ಸ್ ನಿವೃತ್ತರಾದ ಮೇಲೆ 1989ರಲ್ಲಿ ಆ ಕುರ್ಚಿಗೆ ಬಂದ ಜೀನ್ ಪೊಕೋರ್ನಿ ಕಲಿತದ್ದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ, ಜಾನ್ಸನ್ ಮತ್ತು ಬೋಬೊ ಮೊದಲಾದವರ ಬಳಿ. ಕುರ್ಚಿಯ ಎಳೆ ಶಿಕಾಗೊದ್ದು, ಪಾಠದ ಎಳೆ ಲಾಸ್ ಏಂಜಲೀಸ್‌ದು. ಮಠದ ಪಟ್ಟ ಬೇರೆ, ವಿದ್ಯೆ ಬೇರೆ ಎಂಬುದು ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಎರಡನ್ನೂ ಬರೆಯಿರಿ, ಬೇರೆ ಬೇರೆ ಬಣ್ಣದ ಶಾಯಿಯಲ್ಲಿ.

ಒಬ್ಬರಿಗೆ ನಾಲ್ಕು ಗುರುಗಳಿದ್ದರೆ?

ನಾಲ್ವರನ್ನೂ ಬರೆಯಬೇಕು, ಕಲಿತ ಕ್ರಮದಲ್ಲಿ. ಮಲ್ಲಿಕಾರ್ಜುನ ಮನ್ಸೂರ ಅವರು ಮೊದಲು ಗ್ವಾಲಿಯರ್ ಪದ್ಧತಿಯ ನೀಲಕಂಠ ಬುವಾ ಅವರಲ್ಲಿ, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಬುರ್ಜಿ ಖಾನ್ ಅವರಲ್ಲಿ ಕಲಿತರು. ಒಬ್ಬರನ್ನೇ ಬರೆದು ಉಳಿದವರನ್ನು ಬಿಟ್ಟರೆ ಆ ಹಾಡುಗಾರಿಕೆ ಅರ್ಥವಾಗುವುದಿಲ್ಲ. ಟ್ಯೂಬಾದಲ್ಲೂ ಹಾಗೆಯೇ. ನಾರ್ವೆಯ ಏಕವಾದಕ ಅಯ್‌ಸ್ಟೈನ್ ಬಾಡ್ಸ್‌ವಿಕ್ ಸ್ವೀಡನ್ನಿನ ಮೈಕೆಲ್ ಲಿಂಡ್ ಅವರಲ್ಲಿ ಕಲಿತರು, ಜೇಕಬ್ಸ್ ಮತ್ತು ಫಿಲಿಪ್ಸ್ ಅವರಿಂದಲೂ ಪಾಠ ಪಡೆದರು. ಅವರಲ್ಲಿ ಮೂರು ಹೊಳೆ ಕೂಡಿವೆ.

ಗುರು ಬೇರೆ ವಾದ್ಯದವರಾಗಿದ್ದರೆ ಆ ಎಳೆಯನ್ನು ಬಿಡಬೇಕೆ?

ಬಿಟ್ಟರೆ ಟ್ಯೂಬಾದ ಇತಿಹಾಸದ ದೊಡ್ಡ ಪಾಲು ಕಳೆದುಹೋಗುತ್ತದೆ. ಟ್ಯೂಬಾಕ್ಕೆಂದೇ ಪೂರ್ಣಾವಧಿಯ ಅಧ್ಯಾಪಕರು ಇರುವುದು ಹಿಂದೆ ಅಪರೂಪ, ಟ್ರೊಂಬೋನ್ ಮೇಷ್ಟರೇ ಟ್ಯೂಬಾ ಹುಡುಗರನ್ನೂ ನೋಡಿಕೊಳ್ಳುತ್ತಿದ್ದರು. 1961ರಲ್ಲಿ ನ್ಯೂಯಾರ್ಕಿನಲ್ಲಿ ಟ್ಯೂಬಾ ಒಂದನ್ನೇ ಇಟ್ಟುಕೊಂಡು ಕಚೇರಿ ಮಾಡಿ ಹೆಸರಾದ ರೋಜರ್ ಬೋಬೊ ಅವರು ಟ್ರೊಂಬೋನ್ ವಾದಕ ರಾಬರ್ಟ್ ಮಾರ್‌ಸ್ಟೆಲ್ಲರ್ ಅವರಲ್ಲಿಯೂ, ಈಸ್ಟ್‌ಮನ್ ಸಂಗೀತ ಶಾಲೆಯಲ್ಲಿ ಟ್ರೊಂಬೋನಿನ ಮಹಾಗುರು ಎಮೊರಿ ರೆಮಿಂಗ್ಟನ್ ಅವರಲ್ಲಿಯೂ ಕಲಿತವರು. ಜೇಕಬ್ಸ್ ಅವರ ಕೋಣೆಗೆ ಟ್ರಂಪೆಟ್, ಹಾರ್ನ್, ಟ್ರೊಂಬೋನ್ ವಾದಕರೂ ಬರುತ್ತಿದ್ದರು, ಅವರೂ ಅದೇ ಎಳೆಯವರೇ.

ನಮ್ಮ ಬ್ಯಾಂಡುಗಳಲ್ಲಂತೂ ಬ್ಯಾಂಡ್ ಮಾಸ್ಟರ್ ಒಬ್ಬರೇ ಎಲ್ಲರಿಗೂ ಗುರು. ಅವರು ಕ್ಲಾರಿನೆಟ್‌ನವರಿರಬಹುದು, ಶಹನಾಯಿಯಿಂದ ಬಂದವರಿರಬಹುದು. ಬೇಸ್ ನುಡಿಸುವವರು ಹಾಡಿನ ನಡೆಯನ್ನು ಅವರಿಂದ, ಉಸಿರನ್ನು ಮತ್ತೊಬ್ಬರಿಂದ ಕಲಿತಿರುತ್ತಾರೆ. ಆದ್ದರಿಂದ ಹೆಸರಿನ ಪಕ್ಕದಲ್ಲಿ ‘ಏನು ಕಲಿಸಿದರು’ ಎಂಬ ಕಾಲಂ ಕಡ್ಡಾಯವಾಗಿ ಇರಲಿ. ಗುರುವಿನ ಹೆಸರು ಮಾತ್ರ ಇರುವ ಪಟ್ಟಿ ಮತದಾರರ ಪಟ್ಟಿಯಂತೆ, ಅದರಿಂದ ಸಂಗೀತ ತಿಳಿಯುವುದಿಲ್ಲ.

ಮದುವೆ ಬ್ಯಾಂಡಿನವರನ್ನು ಆ ದೊಡ್ಡ ಹೆಸರುಗಳ ಜೊತೆ ಬರೆಯುವುದು ಸರಿಯೇ?

ಸರಿ. ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ಫಿಲಿಪ್ಸ್ ಸರ್ಕಸ್ ಬ್ಯಾಂಡಿನಿಂದ ಬಂದವರು, ಬೆಲ್ ಊರೂರು ತಿರುಗುವ ಬ್ಯಾಂಡಿನಿಂದ ಬಂದವರು. ವಾದ್ಯ ಹುಟ್ಟಿದ್ದೇ ಸೈನ್ಯದ ಬ್ಯಾಂಡಿಗಾಗಿ. ಬೀದಿಯನ್ನು ಬಿಟ್ಟು ಟ್ಯೂಬಾಕ್ಕೆ ಇತಿಹಾಸವೇ ಇಲ್ಲ. ಏಪ್ರಿಲ್ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿದಾಗ ಹಿತ್ತಾಳೆ ಕಾದು, ಒಳಗಿನ ಗಾಳಿಯೂ ಕಾದು ಶ್ರುತಿ ಏರುತ್ತದೆ. ಅದನ್ನು ತುಟಿಯಿಂದಲೇ ಇಳಿಸಿಕೊಂಡು, ಹೆಗಲ ಮೇಲೆ ಅಷ್ಟು ಭಾರ ಹೊತ್ತು, ಮೂರು ಗಂಟೆ ನಡೆಯುತ್ತ ನುಡಿಸುವ ವಿದ್ಯೆ ಯಾರೋ ಕಲಿಸದೆ ಬರುವುದಿಲ್ಲ. ಆ ಕಲಿಸಿದವರ ಹೆಸರು ಬರೆಯುವುದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ಒಂದು ಎಚ್ಚರ ಮಾತ್ರ ಇರಲಿ. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆಯುತ್ತೇನೆ, ಆದರೆ ಇಲ್ಲದ ಗೆರೆ ಎಳೆದು ನಮ್ಮವರನ್ನು ಬೆಲ್ ಅವರಿಗೋ ಜೇಕಬ್ಸ್ ಅವರಿಗೋ ಜೋಡಿಸುವುದಿಲ್ಲ. ನಮ್ಮ ಎಳೆ ಎಲ್ಲಿ ನಿಲ್ಲುತ್ತದೋ ಅಲ್ಲಿಗೇ ಅದಕ್ಕೆ ಮಾನ.

‘ನಮ್ಮ ಮನೆತನ ನಿಜಾಮರ ಬ್ಯಾಂಡಿನಿಂದ ಬಂದದ್ದು’ ಎನ್ನುತ್ತಾರೆ. ನಂಬಬಹುದೇ?

ಈ ಮಾತು ಬೀದರಿನಲ್ಲಿಯೂ ಕಲಬುರಗಿಯಲ್ಲಿಯೂ ಕೇಳಿದ್ದೇನೆ. ಅಸಂಭವವೇನಲ್ಲ. 1948ರ ಸೆಪ್ಟೆಂಬರಿನವರೆಗೆ ಈ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಹೈದರಾಬಾದಿನ ಪಲ್ಟಣ ಚದುರಿದಾಗ ಅಲ್ಲಿಯ ವಾದಕರು ಹೊಟ್ಟೆಪಾಡಿಗೆ ಊರಿಗೆ ಮರಳಿರಬಹುದು. ಆದರೆ ‘ಇರಬಹುದು’ ಎಂಬುದನ್ನು ‘ಇದೆ’ ಎಂದು ಬರೆಯಬೇಡಿ. ಸೇವೆಯ ಕಾಗದ, ಬಿಡುಗಡೆ ಪತ್ರ, ಪಿಂಚಣಿ ಪುಸ್ತಕ, ಬಿಲ್ಲೆ, ಸಮವಸ್ತ್ರದ ಫೋಟೊ, ಇವುಗಳಲ್ಲಿ ಒಂದಾದರೂ ಬೇಕು. ನಿಜಾಮರ ಕಾಲದ ಸರ್ಕಾರಿ ದಾಖಲೆಗಳ ದೊಡ್ಡ ರಾಶಿ ಹೈದರಾಬಾದಿನ ತಾರ್ನಾಕದ ಪತ್ರಾಗಾರದಲ್ಲಿದೆ, ಬಹುಪಾಲು ಉರ್ದು ಮತ್ತು ಫಾರಸಿಯಲ್ಲಿ. ಕಲಬುರಗಿಯಲ್ಲಿ ಉರ್ದು ಓದಬಲ್ಲ ಹಿರಿಯರಿಗೆ ಬರವಿಲ್ಲ, ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಹಿರಿಯ ವಾದಕರನ್ನು ಹೇಗೆ ಮಾತಾಡಿಸಬೇಕು?

‘ನಿಮ್ಮ ಗುರುಗಳು ಯಾರು?’ ಎಂದು ಆರಂಭಿಸಬೇಡಿ. ಈ ಪಾಠವನ್ನು ನಾನು ಬೀದರಿನಲ್ಲಿ ಕಲಿತೆ.

ಚಳಿಗಾಲದ ಒಂದು ಬೆಳಗ್ಗೆ ಹಳೆಯ ಊರಿನ ಗಲ್ಲಿಯಲ್ಲಿದ್ದ ಒಬ್ಬ ಹಿರಿಯರ ಮನೆಗೆ ಹೋಗಿದ್ದೆ. ಬ್ಯಾಂಡು ಬಿಟ್ಟು ವರ್ಷಗಳಾಗಿದ್ದವು. “ಕಾಕಾ, ನಿಮಗೆ ಬೇಸ್ ಕಲಿಸಿದವರು ಯಾರು?” ಎಂದೆ. “ಯಾರೂ ಇಲ್ಲಪ್ಪ, ನೋಡಿ ನೋಡಿ ಬಂತು” ಎಂದರು. ಚಹಾ ಬಂತು, ಮಾತು ಮಳೆಯ ಕಡೆ, ಮೊಮ್ಮಕ್ಕಳ ಕಡೆ ಹೋಯಿತು. ಏಳುವ ಹೊತ್ತಿಗೆ ಸುಮ್ಮನೆ ಕೇಳಿದೆ: “ಮೊದಲ ಸಲ ಮೌತ್‌ಪೀಸ್ ಬಾಯಿಗೆ ಇಟ್ಟಾಗ ಎಲ್ಲಿದ್ದಿರಿ?”

ಅವರು ಎದ್ದು ನಿಂತರು. ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ಅಂಗೈಯಷ್ಟು ಹರಿದು ಗೋಡೆಗೆ ಹಿಡಿದು, ಒಂದು ಗೇಣು ದೂರದಿಂದ ಊದುತ್ತ ಕೈ ಬಿಟ್ಟರು. ಕಾಗದ ಬೀಳಲಿಲ್ಲ. ಸುಣ್ಣದ ಗೋಡೆಗೆ ಅಂಟಿಕೊಂಡು ನಿಂತಿತು, ಅಂಚು ಮಾತ್ರ ಸಣ್ಣಗೆ ನಡುಗುತ್ತಿತ್ತು. ಉಸಿರು ತೀರಿದಾಗ ಅದು ಜಾರಿ ಬಿತ್ತು. “ಹೀಗೆ ಒಂದು ತಿಂಗಳು ಮಾಡಿಸಿದರು. ವಾದ್ಯ ಮುಟ್ಟಲು ಬಿಡಲಿಲ್ಲ. ಕಾಗದ ಬಿದ್ದರೆ ಹೊಟ್ಟೆಯ ಮೇಲೆ ಎರಡು ಬೆರಳು ಇಟ್ಟು ‘ದಮ್ಮು ಇಲ್ಲಿಂದ’ ಎನ್ನುತ್ತಿದ್ದರು” ಎಂದರು. ಯಾರು ಎಂದು ನಾನು ಕೇಳಲಿಲ್ಲ. ಅವರೇ ಹೆಸರು ಹೇಳಿದರು, ಊರು ಹೇಳಿದರು, ಆ ಮನುಷ್ಯರಿಗೆ ಕಲಿಸಿದವರನ್ನೂ ಹೇಳಿದರು. ನಾನು ಮತ್ತೆ ಕುಳಿತೆ. ಮಧ್ಯಾಹ್ನದ ಊಟ ಅಲ್ಲಿಯೇ ಆಯಿತು.

ಕಲಿಸಿದವರಿಗೆ ‘ಗುರು’ ಎಂಬ ಪದವನ್ನು ಅವರು ಎಂದೂ ಬಳಸಿರಲಿಲ್ಲ, ಅಷ್ಟೇ. ಆದ್ದರಿಂದ ವಸ್ತುಗಳ ಬಗ್ಗೆ ಕೇಳಿ. ಮೊದಲ ವಾದ್ಯ ಯಾರದು? ವಾಲ್ವ್ ಸಿಕ್ಕಿಕೊಂಡರೆ ಯಾರ ಬಳಿ ಹೋಗುತ್ತಿದ್ದಿರಿ? ಹುಣಸೆಹಣ್ಣು ಹಚ್ಚಿ ತಿಕ್ಕಲು ಹೇಳಿದವರು ಯಾರು? ಯಾರಿಂದ ಬೈಗುಳ ತಿಂದಿರಿ? ಬೈದವರ ಹೆಸರು ಯಾರೂ ಮರೆಯುವುದಿಲ್ಲ.

ಆ ಕಾಗದದ ಅಭ್ಯಾಸ ವಿದೇಶದಲ್ಲಿಯೂ ಇದೆಯಲ್ಲ? ಅದರಿಂದ ಸಂಬಂಧ ತಿಳಿಯುವುದಿಲ್ಲವೇ?

ಇಲ್ಲ. ಗೋಡೆಗೆ ಕಾಗದ ಹಿಡಿಸುವ ಅಭ್ಯಾಸವನ್ನು ಹಿತ್ತಾಳೆ ವಾದ್ಯದ ಮೇಷ್ಟರು ಎಷ್ಟೋ ಕಡೆ ಮಾಡಿಸುತ್ತಾರೆ. ಒಂದೇ ಅಭ್ಯಾಸ ಎರಡು ಕಡೆ ಕಂಡರೆ ಒಂದೇ ಗುರು ಎಂದಲ್ಲ. ಬೇರೆ ಸಾಕ್ಷಿ ಇದ್ದಾಗ ಇದು ಅದಕ್ಕೆ ಬಲ ಕೊಡುತ್ತದೆ.

ವರ್ಷವೇ ನೆನಪಿಲ್ಲ ಎನ್ನುವವರ ಕಾಲವನ್ನು ಹೇಗೆ ಗೊತ್ತುಮಾಡುವುದು?

ಎಲ್ಲರಿಗೂ ನೆನಪಿರುವ ಘಟನೆಗೆ ಕಟ್ಟಬೇಕು. ನಮ್ಮ ಕಡೆ ಇಂಥ ಗೂಟಗಳು ಗಟ್ಟಿಯಾಗಿವೆ: ರಜಾಕಾರರ ಗಲಾಟೆ ಮತ್ತು ಪೊಲೀಸ್ ಕಾರ್ಯಾಚರಣೆ, 1972ರ ಬರ, ಕಿಲ್ಲಾರಿ ಭೂಕಂಪ, ಯಾದಗಿರಿ ಜಿಲ್ಲೆಯಾದ ವರ್ಷ.

ಬ್ಯಾಂಡಿನವರ ಕಾಲ ಗೊತ್ತುಮಾಡಲು ಕಿಲ್ಲಾರಿ ಭೂಕಂಪ ಬಹಳ ಉಪಯೋಗದ ಗುರುತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಮಿ ನಡುಗಿತು, ಅದು ಗಣಪತಿ ವಿಸರ್ಜನೆಯ ಹೊತ್ತು. ಒಬ್ಬರು ನನಗೆ ಹೇಳಿದರು: “ಗಣಪತಿ ಕಳುಹಿಸಿ ಬಂದು ಬೇಸ್ ಅನ್ನು ಗೋಡೆಗೆ ಒರಗಿಸಿ ಮಲಗಿದ್ದೆ. ಅದು ತಾನಾಗಿ ಗಣಗಣ ಎಂದಿತು, ಎದ್ದು ನೋಡಿದರೆ ಮನೆಯೇ ಅಲ್ಲಾಡುತ್ತಿತ್ತು.” ಆ ಒಂದು ಮಾತಿನಿಂದ ಅವರು ಆ ವರ್ಷವೇ ಮೆರವಣಿಗೆಯಲ್ಲಿ ನುಡಿಸುತ್ತಿದ್ದರು, ವಾದ್ಯ ಅವರ ಮನೆಯಲ್ಲಿಯೇ ಇರುತ್ತಿತ್ತು ಎಂಬ ಎರಡು ಸಂಗತಿ ಖಚಿತವಾದವು. ಕಲಿತದ್ದು ಅದಕ್ಕೂ ಮೊದಲು. ಎಷ್ಟು ಮೊದಲು ಎಂಬುದಕ್ಕೆ ಮಕ್ಕಳ ವಯಸ್ಸು ಕೇಳಿದೆ.

ಕಾಗದದ ದಾಖಲೆ ಎಲ್ಲಿ ಸಿಗುತ್ತದೆ?

ಮದುವೆಯ ಆಲ್ಬಮ್ಮುಗಳಲ್ಲಿ. ಬ್ಯಾಂಡಿನವರ ಮನೆಯಲ್ಲಿ ಅವರ ಫೋಟೊ ಇರುವುದಿಲ್ಲ, ಅವರು ನುಡಿಸಿದ ಮದುವೆಮನೆಯವರ ಬಳಿ ಇರುತ್ತದೆ. ಹಳೆಯ ಫೋಟೊಗಳಲ್ಲಿ ವರನ ಕುದುರೆಯ ಹಿಂದೆ ಅರ್ಧ ಕತ್ತರಿಸಿಹೋದ ಬೇಸ್‌ನ ಬಾಯಿಯ ಮೇಲೆ ಬಣ್ಣದಿಂದ ಬರೆದ ಬ್ಯಾಂಡಿನ ಹೆಸರು, ಊರು ಸಿಕ್ಕ ಉದಾಹರಣೆ ನನ್ನ ಪುಸ್ತಕದಲ್ಲಿದೆ. ಮುಂಗಡ ಬರೆಯುವ ಪುಸ್ತಕ, ಲಗ್ನದ ತಾರೀಖಿನ ಡೈರಿ, ಪಾಲು ಹಂಚಿದ ಲೆಕ್ಕ ಇವೂ ಚಿನ್ನ. ಪಾಲಿನಲ್ಲಿ ಅರ್ಧ ಪಡೆದವರು ಸಾಮಾನ್ಯವಾಗಿ ಕಲಿಯುವ ಹುಡುಗರು.

ವಾದ್ಯವನ್ನೂ ಓದಿ. ನಮ್ಮ ದೇಶದ ಬ್ಯಾಂಡ್ ವಾದ್ಯಗಳು ಬಹಳಷ್ಟು ತಯಾರಾಗುವುದು ಉತ್ತರ ಪ್ರದೇಶದ ಮೀರತ್‌ನ ಜಾಲಿ ಕೋಠಿಯಲ್ಲಿ. ಮುದ್ರೆ, ಬೆಸುಗೆ, ಬದಲಿಸಿದ ವಾಲ್ವ್, ಕೆತ್ತಿದ ಹೆಸರು ಒಂದೊಂದೂ ವಾದ್ಯ ಯಾರ ಕೈಯಿಂದ ಯಾರ ಕೈಗೆ ಬಂತೆಂದು ಹೇಳುತ್ತದೆ.

ತಡಮಾಡಬೇಡಿ ಎಂದು ಏಕೆ ಇಷ್ಟು ಹೇಳುತ್ತೇನೆ ಎಂದರೆ, ಒಂದು ಕಚೇರಿಯಲ್ಲಿ ಹಳೆಯ ಬ್ಯಾಂಡಿನ ಸಂಬಳದ ಪುಸ್ತಕಗಳಿವೆ ಎಂದು ತಿಳಿದು ಅರ್ಜಿ ಕೊಟ್ಟಿದ್ದೆ. ಮುಂದಿನ ವಾರ ಬನ್ನಿ ಎಂದರು. ಹೋದಾಗ ಕೋಣೆ ಖಾಲಿಯಾಗಿತ್ತು, ರದ್ದಿಯವನು ತೂಕಕ್ಕೆ ಹಾಕಿಕೊಂಡು ಹೋಗಿದ್ದ.

ಇಬ್ಬರು ಎರಡು ಬಗೆ ಹೇಳಿದರೆ ಯಾರನ್ನು ನಂಬಲಿ?

ಇಬ್ಬರ ಮಾತನ್ನೂ ಬರೆದು, ಹೇಳಿದವರ ಹೆಸರು, ಹೇಳಿದ ತಾರೀಖು ಹಾಕಿ. ನನ್ನ ಮಾವನ ವಿಷಯದಲ್ಲಿ ಹಾಗೆಯೇ ಮಾಡಿದೆ. ವರ್ಷಗಳ ಮೇಲೆ ತಿಳಿಯಿತು, ಇಬ್ಬರೂ ಸತ್ಯವನ್ನೇ ಹೇಳಿದ್ದರು. ಒಬ್ಬರು ಮೌತ್‌ಪೀಸ್ ಹಿಡಿಸಿದವರು, ಇನ್ನೊಬ್ಬರು ಹಾಡು ಕೂಡಿಸಿದವರು.

ಯೂಟ್ಯೂಬ್ ನೋಡಿ ಕಲಿತರೆ?

ಕೇಳಿ ಕಲಿತದ್ದು ಎಂಬ ಗುರುತಿಗೆ ಪಟ್ಟಿಯಲ್ಲಿ ಚುಕ್ಕೆ ಗೆರೆ ಹಾಕಿ. ಆ ಕಡೆಯವರು ನಿಮ್ಮ ತಪ್ಪನ್ನು ಕೇಳಿಸಿಕೊಂಡಿಲ್ಲ.

ಹೆಣ್ಣುಮಕ್ಕಳು ಈ ಪಟ್ಟಿಯಲ್ಲಿ ಇದ್ದಾರೆಯೇ?

ಇದ್ದಾರೆ, ಮತ್ತು ಎಳೆಯ ನಡುಭಾಗದಲ್ಲಿಯೇ ಇದ್ದಾರೆ. ಕಾನ್ಸ್‌ಟನ್ಸ್ ವೆಲ್ಡನ್ 1932ರಲ್ಲಿ ಹುಟ್ಟಿದವರು. 1950ರ ದಶಕದಲ್ಲಿ ವೃತ್ತಿ ವಾದ್ಯವೃಂದಗಳಲ್ಲಿ ಟ್ಯೂಬಾ ನುಡಿಸಿ, ಆಮೇಲೆ ಮಯಾಮಿ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಅವರ ಶಿಷ್ಯ ಸ್ಯಾಮ್ ಪಿಲಾಫಿಯನ್ ಎಂಪೈರ್ ಬ್ರಾಸ್ ಎಂಬ ಹೆಸರಾಂತ, ಐದು ಹಿತ್ತಾಳೆ ವಾದ್ಯಗಳ ತಂಡದ ಸ್ಥಾಪಕ ಸದಸ್ಯರಾದರು, ಉಸಿರಾಟದ ಅಭ್ಯಾಸಕ್ರಮವೊಂದನ್ನು ಪ್ಯಾಟ್ರಿಕ್ ಶೆರಿಡನ್ ಜೊತೆ ರೂಪಿಸಿದರು. ಇಂದು ಆ ಅಭ್ಯಾಸ ಮಾಡುವ ಮಕ್ಕಳಿಗೆ ತಾವು ವೆಲ್ಡನ್ ಅವರ ಮೊಮ್ಮಕ್ಕಳ ಸಾಲಿನವರು ಎಂದು ಗೊತ್ತಿರಬೇಕು. 2006ರಲ್ಲಿ ಕ್ಯಾರಲ್ ಯಾಂಚ್ ಇನ್ನೂ ವಿದ್ಯಾರ್ಥಿನಿಯಾಗಿದ್ದಾಗಲೇ ಫಿಲಡೆಲ್ಫಿಯಾ ಆರ್ಕೆಸ್ಟ್ರಾದ ಟ್ಯೂಬಾ ಸ್ಥಾನಕ್ಕೆ ಆಯ್ಕೆಯಾದರು.

ನಮ್ಮ ಕಡೆಯ ಬ್ಯಾಂಡಿನ ಸಾಲಿನಲ್ಲಿ ನಾನು ಹೆಣ್ಣುಮಕ್ಕಳನ್ನು ಕಂಡಿಲ್ಲ. ಆದರೆ ಮಾವ ಮನೆಯಲ್ಲಿ ಅಭ್ಯಾಸ ಮಾಡುವಾಗ ಅತ್ತೆ ಒಳಗಿನಿಂದಲೇ “ಮತ್ತೆ ನಡೆ ತಪ್ಪಿತು” ಎನ್ನುತ್ತಿದ್ದರು, ಮಾವ ತಿದ್ದಿಕೊಳ್ಳುತ್ತಿದ್ದರು. ನನ್ನ ನಿಯಮದ ಪ್ರಕಾರ ಅವರ ಹೆಸರೂ ಪುಸ್ತಕದಲ್ಲಿದೆ.

ಗುರುವಿನ ಹೆಸರು ಹೇಳಲು ಮನಸ್ಸಿಲ್ಲದವರಿದ್ದರೆ?

ಒತ್ತಾಯಿಸಬೇಡಿ. ಹಣದ ಜಗಳ ಇರಬಹುದು, ಜಾತಿಯ ಅವಮಾನ ಇರಬಹುದು. ಮೆರವಣಿಗೆಯ ಮುಂದೆ ನುಡಿಸಿ, ಊಟಕ್ಕೆ ಹೊರಗೆ ಕುಳಿತವರ ನೆನಪುಗಳು ಸುಲಭವಾದವಲ್ಲ. ಮಕ್ಕಳು ಓದಿ ನೌಕರಿಗೆ ಸೇರಿದ ಮೇಲೆ ಬ್ಯಾಂಡಿನ ಮಾತೇ ಬೇಡ ಎನ್ನುವ ಮನೆಗಳಿವೆ. ‘ಹೇಳಲು ಇಷ್ಟಪಡಲಿಲ್ಲ’ ಎಂದು ಬರೆದು ಜಾಗ ಬಿಡಿ. ಬದುಕಿರುವವರ ಹೆಸರನ್ನು ಅವರು ಒಪ್ಪಿದರೆ ಮಾತ್ರ ಬೇರೆಯವರಿಗೆ ತೋರಿಸಿ.

ಪಟ್ಟಿಯನ್ನು ಬರೆಯುವ ಕ್ರಮ ಹೇಗೆ?

ಮರದ ಚಿತ್ರ ಬೇಡ. ಒಂದು ಬೇರಿನಿಂದ ಎಲ್ಲವೂ ಹುಟ್ಟಿದಂತೆ ಕಾಣುತ್ತದೆ, ಅದು ನಿಜವಲ್ಲ. ಒಬ್ಬರಿಗೆ ಒಂದು ಪುಟ ಕೊಡಿ. ಮೇಲೆ ಕಲಿಸಿದವರು, ಕೆಳಗೆ ಕಲಿತವರು, ನಡುವೆ ಅವರ ಮಾತು. ಹಂಗಾಮು ಪೂರ್ತಿ ಕಲಿತಿದ್ದರೆ ಪೂರ್ಣ ಗೆರೆ, ಕೆಲವೇ ಪಾಠಗಳಾಗಿದ್ದರೆ ತುಂಡು ಗೆರೆ, ಕೇಳಿ ಕಲಿತಿದ್ದರೆ ಚುಕ್ಕೆ ಗೆರೆ. ಪ್ರತಿ ಗೆರೆಯ ಮೇಲೆ ಸಾಕ್ಷಿ ಏನೆಂದು ಎರಡು ಪದ. ಪೆನ್ಸಿಲ್ಲಿನಲ್ಲಿ ಬರೆಯಿರಿ, ಎರಡನೆಯ ಸಾಕ್ಷಿ ಸಿಕ್ಕ ಮೇಲೆ ಶಾಯಿ.

ನಾನು ಎಲ್ಲಿಂದ ಆರಂಭಿಸಲಿ?

ನಿಮ್ಮ ಓಣಿಗೆ ಹತ್ತಿರದ ಬ್ಯಾಂಡಿನ ಅಂಗಡಿಯಿಂದ. ಹಂಗಾಮಿನಲ್ಲಿ ಹೋಗಬೇಡಿ, ಅವರಿಗೆ ಉಸಿರಾಡಲು ಪುರಸೊತ್ತಿರುವುದಿಲ್ಲ. ಆಷಾಢದಲ್ಲಿ ಹೋಗಿ. ಲಗ್ನಗಳಿಲ್ಲದ ಆ ತಿಂಗಳು ವಾದ್ಯಗಳನ್ನು ಬಿಚ್ಚಿ ಒರೆಸುತ್ತ ಕುಳಿತಿರುತ್ತಾರೆ. ನೀವೂ ಒಂದು ಬಟ್ಟೆ ತೆಗೆದುಕೊಂಡು ಪಕ್ಕದಲ್ಲಿ ಕುಳಿತುಕೊಳ್ಳಿ. ಬೇಸ್‌ನ ಬಾಯಿ ಒರೆಸಲು ಎರಡು ಜೊತೆ ಕೈ ಬೇಕೇ ಬೇಕು.